ಮೂಗಿನ ನಲ್ಲಪ್ಪ

ಪೀಣ್ಯ ಎರಡನೇ ಹಂತದಲ್ಲಿ ಬರೀ ನಲ್ಲಪ್ಪ ಎಂದು ಕೇಳಿದರೆ ಯಾರೂ ತಲೆಯೆತ್ತುವುದಿಲ್ಲ. ‘ಮೂಗಿನ ನಲ್ಲಪ್ಪ’ ಎನ್ನಿ, ಟೀ ಅಂಗಡಿಯವನು ಲೋಟ ಕೆಳಗಿಟ್ಟು ಬಂದು ಗ್ಯಾರೇಜಿನ ದಾರಿ ತೋರಿಸುತ್ತಾನೆ. ಅಂಥ ಹೆಸರು ಆ ಮನುಷ್ಯನದು. ಬೈಕು ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಹಿಂದೆ ಒಮ್ಮೆ ಬಗ್ಗಿ ನಿಂತರೆ ಸಾಕು. ಪೆಟ್ರೋಲ್ ಜಾಸ್ತಿ ಉರಿಯುತ್ತಿದೆಯೋ, ಆಯಿಲ್ ಸುಡುತ್ತಿದೆಯೋ, ಕ್ಲಚ್ ಹೋಗಿದೆಯೋ ಹೇಳಿಬಿಡುತ್ತಿದ್ದ. ಮಿಕ್ಕವರು ಕಂಪ್ಯೂಟರ್ ಹಚ್ಚಿ ತಲೆ ಕೆರೆದುಕೊಳ್ಳುವಾಗ ಇವನ ಗಿರಾಕಿ ಮನೆ ಸೇರಿರುತ್ತಿದ್ದ.

ಹೇಳುತ್ತಿದ್ದ, ಬಿಡಿ. ಈಗ ಆ ಮೂಗು ಇಲ್ಲ. ಕೊರೊನಾ ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಎಲ್ಲರಿಗೂ ಮರಳಿ ಬಂದದ್ದು ಇವನಿಗೆ ಮಾತ್ರ ಬರಲಿಲ್ಲ. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಇದು ಗೊತ್ತಿದ್ದದ್ದು ಹೆಂಡತಿ ವನಜಾಳಿಗೆ ಒಬ್ಬಳಿಗೇ. ಅವಳು ಮಧ್ಯಾಹ್ನ ಊಟ ತರುವ ಹೊತ್ತಿಗೆ ನಲ್ಲಪ್ಪ ಅನುಮಾನದ ಬೈಕುಗಳನ್ನು ಸಾಲಾಗಿ ನಿಲ್ಲಿಸಿರುತ್ತಿದ್ದ. ಅವಳು ಏನೋ ಬಿದ್ದದ್ದನ್ನು ಎತ್ತಿಕೊಳ್ಳುವವಳಂತೆ ಒಂದೊಂದರ ಪಕ್ಕ ಬಗ್ಗಿ ಮೂಸಿ, ‘ಹೂಂ’ ಎನ್ನುತ್ತಿದ್ದಳು, ಇಲ್ಲ ‘ಊಹೂಂ’. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹೆದರಿದ ಗಂಡನಿಗಾಗಿ ಆ ಹೆಂಗಸು ಇಷ್ಟು ಮಾಡುತ್ತಿದ್ದಳು.

ಆ ಅಮಾವಾಸ್ಯೆಯ ದಿನ ವನಜಾ ತವರಿಗೆ ಹೋಗಿದ್ದಳು. ಅಮರಪ್ಪ ಬಂದದ್ದು ಅವತ್ತೇ.

ಅಮರಪ್ಪ ಕೊಪ್ಪಳದ ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಕೆಲಸ. ಮುದಿ ತಾಯಿ ಮುದುಕವ್ವನ ಜೊತೆ ಪಕ್ಕದ ಬೀದಿಯ ವಠಾರದಲ್ಲಿ ವಾಸ. ಅವನದು ಹಳೆಯ ಎಫ್‌ಐ ಬೈಕು, ಕಾರ್ಬೊರೇಟರ್ ಇಲ್ಲದ್ದು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಂಜಿನ್ನಿಗೆ ತಳ್ಳಬೇಕು.

“ಮುಂಜಾನಿ ಚಲೋ ಇರ್ತೈತ್ರಿ ಅಣ್ಣಾರ,” ಎಂದ ಅಮರಪ್ಪ. “ಕಾದ ಮ್ಯಾಲ ಎಲ್ಲಿ ಬೇಕಲ್ಲಿ ಬಂದ್ ಬೀಳ್ತೈತಿ. ನಿನ್ನಿ ಫ್ಲೈಓವರ್ ನಡುವ ನಿಂತ್ಬಿಡ್ತು. ಹಿಂದ ಲಾರಿ! ಒಂದು ಗೇಣು ಉಳೀತ್ರಿ ನನ್ನ ಜೀವ. ಅವ್ವ ಅಂತೂ ಯಾರದೋ ದೃಷ್ಟಿ ತಾಕೇತಿ ಅಂತಾಳ.”

“ದೃಷ್ಟಿನೂ ಇಲ್ಲ, ದೆವ್ವನೂ ಇಲ್ಲ. ಕೂತ್ಕೊ,” ಎಂದ ನಲ್ಲಪ್ಪ.

ಕೆಲಸದಲ್ಲಿ ಅವನು ಕಳ್ಳನಲ್ಲ, ಅದನ್ನು ಒಪ್ಪಲೇಬೇಕು. ಪ್ಲಗ್ ನೋಡಿದ, ಬ್ಯಾಟರಿ ನೋಡಿದ, ಏರ್ ಫಿಲ್ಟರ್ ಬಿಚ್ಚಿದ. ಎಲ್ಲಾ ಸರಿಯಿತ್ತು. ಇಂಜಿನ್ ಚೆನ್ನಾಗಿ ಕಾಯುವವರೆಗೂ ಓಡಿಸುತ್ತಲೇ ಇದ್ದ. ಅದು ಗಕ್ಕನೆ ನಿಂತಾಗ ಕೀ ತಿರುಗಿಸಿ ಟ್ಯಾಂಕಿಗೆ ಕಿವಿ ಹಚ್ಚಿದ. ಪಂಪು ‘ಜುಂಯ್’ ಎನ್ನಬೇಕಿತ್ತು, ಎನ್ನಲಿಲ್ಲ. ಟ್ಯಾಂಕ್ ಇಳಿಸಿ ಅಡಿಯಿಂದ ಪಂಪು ಹೊರಗೆಳೆದರೆ, ಅದರ ವೈರು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಕಪ್ಪಗೆ ಕರಗಿತ್ತು. ಕಾದಾಗ ಸಡಿಲವಾಗಿ ಕರೆಂಟ್ ಬಿಡುತ್ತಿತ್ತು, ತಣಿದಾಗ ಹಿಡಿದುಕೊಳ್ಳುತ್ತಿತ್ತು. ರೋಗ ಸಿಕ್ಕಿತು. ಹೊಸ ಕಪ್ಲರ್ ಹಾಕಿದ.

ಪಂಪು ಕೂರಿಸುವಾಗ ಪೆಟ್ರೋಲ್ ಸೋರದಂತೆ ತಡೆಯುವ ರಬ್ಬರ್ ರಿಂಗು ಕೈಕೊಟ್ಟಿತು. ಪೆಟ್ರೋಲ್ ಕುಡಿದು ಉಬ್ಬಿಕೊಂಡು ತನ್ನ ತೋಡಿನೊಳಗೆ ಕೂರಲೊಲ್ಲದು. ಹೊಸದು ಬೇಕೆಂದರೆ ನಾಳೆಯೇ. ಅಮರಪ್ಪನಿಗೋ ಸಂಜೆಯೇ ಬೈಕು ಬೇಕು, ಅವ್ವ ಪೂಜೆಗೆ ಕಾಯುತ್ತಿದ್ದಾಳೆ. ನಲ್ಲಪ್ಪ ಹಳೆಯ ರಿಂಗನ್ನೇ ಮಗುಚಿ, ಒತ್ತಿ, ಬೋಲ್ಟ್ ಬಿಗಿದ. ಮುಂಚೆಯೂ ಹೀಗೆ ಎಷ್ಟೋ ಸಲ ಮಾಡಿದ್ದ. ಆಗೆಲ್ಲ ಕಾವಲಿಗೆ ಮೂಗಿತ್ತು.

ಪೇಪರ್ ಚೂರಿನಿಂದ ಒರೆಸಿ ನೋಡಿದ. ಒಣಗಿತ್ತು. ಓಡಿಸಿಕೊಂಡು ಬಂದ. ಇಂಜಿನ್ ಎಷ್ಟು ಕಾದರೂ ನಿಲ್ಲಲಿಲ್ಲ. ಆದರೂ ಅವನಿಗೆ ಆ ರಿಂಗಿನ ಮೇಲೆ ನಂಬಿಕೆ ಬರಲಿಲ್ಲ. ಕಾದ ಇಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಅದನ್ನು ಹಿಡಿಯುವುದು ಮೂಗೊಂದೇ. ಟೀ ಅಂಗಡಿಯವನನ್ನು ಕರೆಯಲೇ? ಕರೆದರೆ ನಾಳೆ ಬೀದಿಗೆಲ್ಲ ಸುದ್ದಿ. ಕೊನೆಗೆ ಗಿರಾಕಿಯನ್ನೇ ಪರೀಕ್ಷೆ ಮಾಡುವವನಂತೆ ನಗುತ್ತಾ ಕೇಳಿದ:

“ಎಲ್ಲಿ, ನೀನೇ ಟ್ಯಾಂಕ್ ಹತ್ರ ಬಗ್ಗಿ ಹೇಳಪ್ಪ. ಪೆಟ್ರೋಲ್ ವಾಸ್ನೆ ಏನಾದ್ರೂ ಹೊಡೀತಾ?”

ಅಮರಪ್ಪ ಬಗ್ಗಿದ. “ಏನಿಲ್ರಿ ಅಣ್ಣಾರ. ನಿಮ್ಮ ಮೂಗಿಗೇ ಬರದ್ದು ನಮಗೇನು ಬರ್ತೈತ್ರಿ?”

ಅಬ್ಬಾ ಎಂದುಕೊಂಡ ನಲ್ಲಪ್ಪ. ಎದೆ ಹಗುರಾಯಿತು. ಅಮರಪ್ಪ ಕೈಮುಗಿದು, ಬೂದುಗುಂಬಳ ತಗೊಂಡು ಹೋಗಬೇಕು ಎನ್ನುತ್ತಾ ಹೊರಟುಹೋದ.

ಸ್ವಲ್ಪ ಹೊತ್ತಿಗೆ ವನಜಾ ಬಸ್ಸಿಳಿದು ನೇರ ಗ್ಯಾರೇಜಿಗೇ ಬಂದಳು.

“ಏನ್ರೀ, ಮೂಲೇಲಿ ಅಮರಪ್ಪ ಎದುರಿಗೆ ಸಿಕ್ಕಿದ್ದ. ಗಾಡಿಯಿಂದ ಪೆಟ್ರೋಲ್ ವಾಸ್ನೆ ಗಪ್ ಅಂತ ಹೊಡೀತು. ಕೂಗಿದೆ, ಅವನಿಗೆ ಕೇಳಿಸ್ಲಿಲ್ಲ. ಏನು ಮಾಡಿದ್ರಿ ಅದಕ್ಕೆ?”

ನಲ್ಲಪ್ಪನಿಗೆ ಥಟ್ಟನೆ ನೆನಪಾಯಿತು. ಅಮಾವಾಸ್ಯೆ. ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸುತ್ತಾರೆ. ಫೋನ್ ಮಾಡಿದ, ರಿಂಗಾಯಿತು, ಎತ್ತುವವರಿಲ್ಲ. ಅಂಗಡಿ ಹಾಗೇ ಬಿಟ್ಟು ಓಡಿದ. ಅವನ ಹಿಂದೆ ವನಜಾ.

ವಠಾರದ ಬಾಗಿಲಲ್ಲಿ ಬೈಕು ನಿಂತಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹೂವು. ನೆಗಡಿಯ ಮೂಗನ್ನು ಸೆರಗಿನಿಂದ ಒರೆಸಿಕೊಂಡ ಮುದುಕವ್ವ ಉರಿಯುವ ಕುಂಬಳವನ್ನು ಎರಡೂ ಕೈಯಲ್ಲಿ ಹಿಡಿದು ಟ್ಯಾಂಕಿನ ಹತ್ತಿರ ಒಯ್ಯುತ್ತಿದ್ದಳು.

“ಬೇಡಾ! ಅವ್ವಾ, ಬೇಡಾ!”

ಕೂಗು ತಲುಪುವುದರೊಳಗೆ ಬೆಂಕಿ ಭಗ್ಗೆಂದಿತು. ಅಮರಪ್ಪ ತಾಯಿಯನ್ನು ಎಳೆದು ನೆಲಕ್ಕೆ ಬಿದ್ದ. ಪಕ್ಕದ ಮನೆ ಕಟ್ಟಲು ಸುರಿದಿದ್ದ ಮರಳನ್ನು ಜನ ಬಕೆಟ್ಟಿನಲ್ಲಿ ತಂದು ಎರಚಿದರು. ಬೈಕು ಅಸ್ಥಿಪಂಜರವಾಯಿತು. ಮುದುಕವ್ವನ ಎರಡೂ ಅಂಗೈ ಸುಲಿದುಹೋಗಿದ್ದವು. ಹಿಟ್ಟು ನಾದಿ ರೊಟ್ಟಿ ಬಡಿಯುವ ಕೈಗಳು. ಸುಟ್ಟ ರಬ್ಬರಿನ ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ನಲ್ಲಪ್ಪನಿಗೆ ಏನೂ ಬರಲಿಲ್ಲ.

ಆಟೋ ತರಲು ಯಾರೋ ಓಡಿದರು. ಅಷ್ಟರಲ್ಲಿ ಅಮರಪ್ಪ ತೆವಳಿಕೊಂಡು ಬಂದು ನಲ್ಲಪ್ಪನ ಕಾಲು ಹಿಡಿದ.

“ತಪ್ಪು ನಂದ್ರಿ ಅಣ್ಣಾರ. ನೀವು ಕೇಳಿದ್ರಿ, ನಾ ಇಲ್ಲ ಅಂದೆ. ಬಣ್ಣ ಹೊಡದು ಹೊಡದು ನನಗ ವಾಸನಿನೇ ಹತ್ತಂಗಿಲ್ರಿ. ಹೇಳಾಕ ನಾಚಿಕಿ ಆತು. ನನ್ನವ್ವನ ಕೈ ನಾನಽ ಸುಟ್ಟೆ.”

ವನಜಾ ಗಂಡನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಎಂದು ಕಾದಳು. ನಲ್ಲಪ್ಪನ ಗಂಟಲಿಗೆ ಮಾತು ಬಂದಿತ್ತು, ದೇವರಾಣೆಗೂ ಬಂದಿತ್ತು. ಸುತ್ತ ನಿಂತವರಲ್ಲಿ ಅರ್ಧ ಜನ ಅವನ ಗಿರಾಕಿಗಳೇ.

ಅವನು ಅಮರಪ್ಪನ ಭುಜ ಹಿಡಿದು ಎಬ್ಬಿಸಿದ. “ಆಗಿದ್ದು ಆಗೋಯ್ತು ಬಿಡಪ್ಪ. ನೀನು ಬೇಕು ಅಂತ ಮಾಡಿದ್ಯಾ?”

“ದೊಡ್ಡ ಮನಸ್ಸು ಕಣ್ರೀ ನಲ್ಲಣ್ಣಂದು,” ಎಂದಿತು ಗುಂಪು.

ವನಜಾ ಮುದುಕವ್ವನ ಜೊತೆ ಆಟೋ ಹತ್ತಿದಳು. ಮನೆಗೆ ಬಂದ ಮೇಲೆ ಅವಳಾಡಿದ್ದು ಒಂದೇ ಮಾತು: “ಇನ್ನು ಮೇಲೆ ನಾನು ಗ್ಯಾರೇಜಿಗೆ ಬರಲ್ಲ.” ಬರಲೂ ಇಲ್ಲ.

ಗ್ಯಾರೇಜಿನ ಮುಂದೆ ಮಾತ್ರ ಬೈಕುಗಳ ಸಾಲು ಉದ್ದವಾಯಿತು. ತಪ್ಪು ಮಾಡಿದ ಗಿರಾಕಿಯನ್ನೂ ಬೈಯದ ಮನುಷ್ಯ ಎಂದು ಹೆಸರು ಇನ್ನೂ ಮೇಲಕ್ಕೇರಿತ್ತು. ಒಬ್ಬ ಹೆಣ್ಣುಮಗಳು ಸ್ಕೂಟರ್ ತಂದು ನಿಲ್ಲಿಸಿದಳು; ಮುಂದೆ ಪುಟ್ಟ ಮಗು ಹ್ಯಾಂಡಲ್ ಹಿಡಿದು ನಿಂತಿತ್ತು.

“ಅಣ್ಣ, ಪೆಟ್ರೋಲ್ ಲೀಕ್ ಇದೆಯೇನೋ ಅಂತ ಭಯ. ಮಗೂನ ಬೇರೆ ಕೂರಿಸ್ಕೊಂಡು ಹೋಗ್ತೀನಿ. ಒಂದ್ಸಲ ನೋಡ್ತೀರಾ?”

ನಲ್ಲಪ್ಪ ಸೀಟಿನ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡ.

“ಏನೂ ಇಲ್ಲಮ್ಮ,” ಎಂದ. “ಧೈರ್ಯವಾಗಿ ಹೋಗು.”