ಅಳಿಸಿಹೋದ ಆರು ಹೆಜ್ಜೆ

ಎವಾರಿಸ್ತ್ ಕೊಲಾಂಜ್ ಮೇಷ್ಟ್ರು ಕೆಟ್ಟವರೇನೂ ಅಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಫ್ರಾನ್ಸಿನ ಲುವಾರ್ ನದಿ ದಂಡೆಯ ನಮ್ಮ ಪುಟ್ಟ ಊರಿನಲ್ಲಿ ಮೂವತ್ತು ವರ್ಷ ಸಂಗೀತ ಹೇಳಿಕೊಟ್ಟ ಮನುಷ್ಯ. ಶಿಷ್ಯರ ಬರಹದಲ್ಲಿ ತಪ್ಪು ಕಂಡರೆ ಸಾಕು, ರಬ್ಬರು ಹುಡುಕಿ ಕೈ ಜೇಬಿಗೆ ಹೋಗುತ್ತಿತ್ತು.

ಶಿಷ್ಯೆಯರಲ್ಲಿ ಫಿಲೊಮೆನ್ ಎಂದರೆ ಅವರಿಗೆ ಪ್ರಾಣ. ದೋಣಿಯವನ ಮಗಳು, ಹತ್ತೊಂಬತ್ತು ವರ್ಷ. ಸಂಗೀತ ಶಾಲೆಯ ೧೮೯೬ರ ಬೇಸಿಗೆಯ ಪರೀಕ್ಷೆಯಲ್ಲಿ ಮೊದಲ ಬಹುಮಾನ ಬಂದರೆ ಓದಲು ಪ್ಯಾರಿಸ್ಸಿಗೆ ಊರೇ ಕಳಿಸುತ್ತಿತ್ತು, ಬಾರದಿದ್ದರೆ ಮದುವೆ. ಪದ್ಧತಿ ಹೀಗಿತ್ತು: ಶಿಷ್ಯರು ಸ್ವಂತ ಕೃತಿಯನ್ನು ಪೆನ್ಸಿಲಿನಲ್ಲಿ ಬರೆದು ಹಿಂದಿನ ದಿನ ಮೇಷ್ಟ್ರಿಗೆ ಒಪ್ಪಿಸಬೇಕು. ತೀರ್ಪುಗಾರರ ಮುಂದೆ ಪಿಯಾನೋ ನುಡಿಸುವವರು ಮೇಷ್ಟ್ರೇ. ಬರೆದವರು ಬಾಯಿ ಬಿಡುವಂತಿಲ್ಲ.

ಫಿಲೊಮೆನ್ ನದಿಯ ಮೇಲಿನ ಮಂಜನ್ನು ಸ್ವರಗಳಲ್ಲಿ ಬರೆದಿದ್ದಳು. ಮೇಷ್ಟ್ರು ಓದಿ ಹೌಹಾರಿದರು. ದೋ, ರೆ, ಮಿ, ಫಾ, ಸೋಲ್, ಲಾ, ಸಿ ಎಂಬ ಏಳು ಸ್ವರಗಳಲ್ಲಿ ಮೊದಲ ಮೂರು ಸರಿಯಿತ್ತು. ಮಿ ಆದಮೇಲೆ ಅರ್ಧ ಹೆಜ್ಜೆಗೆ ಫಾ ಸಿಗಬೇಕು. ಇವಳು ಅಲ್ಲೂ ಪೂರ್ತಿ ಹೆಜ್ಜೆಯಿಟ್ಟು ಫಾವನ್ನು ದಾಟಿಬಿಟ್ಟಿದ್ದಳು. ಮುಂದೆಯೂ ಹಾಗೇ, ಒಂದೇ ಅಳತೆಯ ಹೆಜ್ಜೆಗಳು, ಆರನೆಯದಕ್ಕೆ ಮೇಲಿನ ದೋ. ದೋ ಎಂಬ ಮನೆಗೆ ಹೊಸಿಲಿನಂತಿರುವ ಸಿ ಸ್ವರವೇ ಇಲ್ಲ. ಹೊಸಿಲಿಲ್ಲದ ಮೇಲೆ ಯಾವುದು ಮನೆ, ಯಾವುದು ದಾರಿ ಎಂದು ಕಿವಿಗೆ ಗೊತ್ತಾಗುವುದಾದರೂ ಹೇಗೆ?

"ಪಾಪ, ಅವಸರದಲ್ಲಿ ನಕಲು ಮಾಡಿ ಎಡವಟ್ಟು ಮಾಡ್ಕೊಂಡಿದೆ ಹುಡುಗಿ," ಎಂದರು ಹೆಂಡತಿ ಸೆಲೆಸ್ತಿನ್‌ಗೆ.

"ಅವಳನ್ನೇ ಒಂದು ಮಾತು ಕೇಳ್ಬಾರದಾ ರೀ? ಮನೆ ಏನು ಸಮುದ್ರದಾಚೆ ಇದ್ಯಾ?"

"ನಂಗೇ ಪಾಠ ಹೇಳ್ತೀಯಾ?"

ಕೇಳಲಿಲ್ಲ ಪುಣ್ಯಾತ್ಮ. ಕೂತು ಅಳಿಸಿದರು. ಫಾ ಕೂರಿಸಿದರು, ಸಿ ಕೂರಿಸಿದರು, ಕೊನೆಗೆ ಅಚ್ಚುಕಟ್ಟಾಗಿ ದೋ ಮೇಲೆ ತಂದು ನಿಲ್ಲಿಸಿದರು. ಮರುದಿನ ಮನಸಾರೆ ನುಡಿಸಿದರು. ತೀರ್ಪುಗಾರರು "ಚೊಕ್ಕವಾಗಿದೆ, ಹೊಸದೇನಿಲ್ಲ" ಎಂದು ಬರೆದು ಬಹುಮಾನವನ್ನು ಬೇರೊಬ್ಬರಿಗೆ ಕೊಟ್ಟರು.

"ಬೇಜಾರು ಮಾಡ್ಕೋಬೇಡ ಕಣಮ್ಮ. ನಾನು ತಿದ್ದದೇ ಹೋಗಿದ್ರೆ ಮರ್ಯಾದೆಯೂ ಹೋಗ್ತಿತ್ತು," ಎಂದು ಮೇಷ್ಟ್ರು ಸಮಾಧಾನ ಹೇಳಿದರು.

"ಹೌದು ಮೇಷ್ಟ್ರೇ," ಎಂದಳು. ಆಮೇಲೆ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ.

ಹದಿಮೂರು ವರ್ಷದ ನಂತರ, ಪ್ಯಾರಿಸ್ಸಿನ ತಂಗಿಯ ಮನೆಗೆ ಹೋದಾಗ ಮೇಷ್ಟ್ರು ಒಂದು ಕಛೇರಿ ಕೇಳಿದರು. ನಲವತ್ತು ವಾದ್ಯಗಳು ಅದೇ ಆರು ಹೆಜ್ಜೆ ಇಟ್ಟವು. ಯಾವ ಸ್ವರವೂ ಮನೆಯಲ್ಲ, ಎಲ್ಲವೂ ಒಂದೇ ಸಮ, ಸುಮ್ಮನೆ ತೇಲುವುದಷ್ಟೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಏಳಲಾಗಲಿಲ್ಲ. ಮಂಜಿನಲ್ಲಿ ದಡ ಕಾಣುವುದಿಲ್ಲ, ಹುಡುಗಿ ಬೇಕೆಂದೇ ಹಾಗೆ ಬರೆದಿದ್ದಳು ಎಂದು ಆಗ ಹೊಳೆಯಿತು. ಅವಳ ಪುಟದಲ್ಲಿದ್ದದ್ದನ್ನು ನೆನೆಸಿಕೊಳ್ಳಲು ನೋಡಿದರು. ನೆನಪಾದದ್ದೆಲ್ಲ ತಾವು ತಿದ್ದಿದ್ದೇ.

ಊರಿಗೆ ಬಂದವರೇ ಫಿಲೊಮೆನ್ ಮನೆಗೆ ಹೋದರು. ಈಗವಳು ಪೀಪಾಯಿ ಕಟ್ಟುವವನ ಹೆಂಡತಿ, ಇಬ್ಬರು ಮಕ್ಕಳ ತಾಯಿ. ಮುಂದಿನ ಕೋಣೆಯಲ್ಲಿ ಒಂದು ಹಳೇ ಪಿಯಾನೋ ಇತ್ತು.

"ತಪ್ಪು ನಂದು ಮಗಳೇ. ನೀನು ಬರೆದಿದ್ದೇ ಸರಿಯಿತ್ತು. ಒಂದ್ಸಲ ನುಡಿಸು, ಬರ್ಕೋತೀನಿ. ಪ್ಯಾರಿಸ್ಸಿಗೆ ನಾನೇ ತಗೊಂಡು ಹೋಗ್ತೀನಿ."

"ಅಂತೂ ಪಾಠ ಒಪ್ಪಿಸೋಕೆ ಬಂದ್ರಿ," ಎಂದು ನಕ್ಕಳು. ಆದರೂ ಏಪ್ರನ್ನಿಗೆ ಕೈ ಒರೆಸಿಕೊಂಡು ಕುಳಿತಳು. ದೋ, ರೆ, ಮಿ. ಮೇಷ್ಟ್ರು ಉಸಿರು ಬಿಗಿಹಿಡಿದರು. ಬೆರಳು ಫಾ ಮೇಲೆ ಬಿತ್ತು. ನಿಲ್ಲಿಸಿ ಮತ್ತೆ ಶುರುಮಾಡಿದಳು. ಮತ್ತೆ ಫಾ.

"ಆರು ಹೆಜ್ಜೆ ಯಾರು ಬೇಕಾದ್ರೂ ಇಡಬಹುದು ಮೇಷ್ಟ್ರೇ. ನನ್ನ ಹಾಡು ಹೇಗಿತ್ತು ಅನ್ನೋದೇ ಹೋಗಿದೆ," ಎಂದಳು. "ಎಷ್ಟೋ ಸಲ ಕೂತು ನೋಡಿದೀನಿ. ಬೆರಳಿಗೆ ನಿಮ್ಮದೇ ಬರುತ್ತೆ."