ಎರಡನೇ ಪುಟದ ಪರ್ಪೆಚುವಾ

“ಯಾವ ಇಂಗ್ಲಿಷ್ ಪತ್ರವಾದರೂ ಮೊದಲ ಪ್ಯಾರಾ ಓದಿದರೆ ನನಗೆ ಸಾಕು. ಉಳಿದದ್ದನ್ನು ಪತ್ರವೇ ಹೆದರಿ ಬಾಯಿ ಬಿಡ್ತದೆ” ಎನ್ನುತ್ತಿದ್ದರು ಆಲ್ಬರ್ಟ್ ಮೊಂತೆರೊ. ದೋಹಾದ ವೆಸ್ಟ್ ಬೇಯ ಒಂದು ಕಚೇರಿಯ ಹದಿನಾಲ್ಕನೇ ಮಹಡಿಯಲ್ಲಿ ಅವರು ಸೆಕ್ರೆಟರಿ. ಇಪ್ಪತ್ತಾರು ವರ್ಷಗಳಲ್ಲಿ ಅವರು ಟೈಪ್ ಮಾಡಿದ ಪತ್ರಗಳನ್ನು ಉದ್ದಕ್ಕೆ ಹಾಸಿದರೆ ದೋಹಾದಿಂದ ಉಡುಪಿಯ ತನಕ ಕಾಲಿಗೆ ಮರಳೂ ತಾಗದೆ, ಸಮುದ್ರವೂ ತಾಗದೆ ನಡೆದು ಹೋಗಬಹುದಿತ್ತು. ಹಿಂದಿನ ಮ್ಯಾನೇಜರ್ ಹುಟ್ಟು ಇಂಗ್ಲಿಷಿನವನು. ಅವನೂ ತನ್ನ ತಾಯಿಗೆ ಕಾಗದ ಬರೆಯುವ ಮುಂಚೆ ಆಲ್ಬರ್ಟರಿಗೆ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದನಂತೆ. ತಿದ್ದಿದ ಮೇಲೆ ಆ ತಾಯಿಗೆ ಮಗನ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂತಂತೆ. ಇದೆಲ್ಲ ಆಲ್ಬರ್ಟರೇ ಹೇಳಿದ್ದು. ತಾಯಿಯನ್ನು ಕೇಳಿ ಬಂದವರಿಲ್ಲ.

ಈ ಆಲ್ಬರ್ಟರ ಒಬ್ಬಳೇ ಮಗಳು ಪರ್ಪೆಚುವಾ. ನಿತ್ಯಾಧಾರ ಮಾತೆಯ ಹಬ್ಬದ ದಿನ ಹುಟ್ಟಿದಳೆಂದು ತಾಯಿ ರೆಜಿನಾ ಹುಡುಕಿ ಇಟ್ಟ ಹೆಸರು. ಪರ್ಪೆಚುವಾ ಎಂದರೆ ನಿತ್ಯ ಇರುವವಳು. ಆ ‘ನಿತ್ಯ’ ಹೋಗಿ ಹುಡುಗಿಯ ಕಾಲಿಗೆ ಸೇರಿಕೊಂಡಿತು. ಕೂತರೆ ಮೊಣಕಾಲು ಕುಣಿಯುತ್ತದೆ, ನಿಂತರೆ ಹಿಮ್ಮಡಿ ಕುಣಿಯುತ್ತದೆ. ಅಲ್ ಮುಂತಜಾ ಬಡಾವಣೆಯ ಅವರ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಅವಳು ಓದಲು ಕೂತರೆ ಕೆಳಗಿನ ಮನೆಯವರ ಚಹಾದಲ್ಲಿ ಅಲೆ ಏಳುತ್ತಿತ್ತು. ಒಮ್ಮೆ ಅವರು ಭೂಕಂಪವೆಂದು ಪಾಸ್‌ಪೋರ್ಟ್ ಹಿಡಿದುಕೊಂಡು ರಸ್ತೆಗೆ ಓಡಿದ್ದೂ ಉಂಟು.

ಇಂಥವಳು ಓದುತ್ತಿದ್ದುದು ಕೆಮಿಸ್ಟ್ರಿ. ಕೆಮಿಸ್ಟ್ರಿ ಎಂದರೆ ಕಾಯುವ ವಿದ್ಯೆ. ಗಾಜಿನ ಕೊಳವೆಯಿಂದ ಒಂದು ಹನಿ ಬೀಳಬೇಕು, ಬಣ್ಣ ತಿರುಗಿತೇ ನೋಡಬೇಕು, ತಿರುಗದಿದ್ದರೆ ಇನ್ನೊಂದು ಹನಿ. ಎರಡು ವರ್ಷ ಹನಿ ಕಾದು ಪರ್ಪೆಚುವಾ ಅರ್ಧ ಕರಗಿದ್ದಳು. ಮುಂದಿನದನ್ನು ಅಪ್ಪ ಆಗಲೇ ಟೈಪ್ ಮಾಡಿ ಇಟ್ಟಂತಿತ್ತು: ಡಿಗ್ರಿ ಮುಗಿಸುವುದು, ಮಂಗಳೂರಿಗೆ ಹೋಗಿ ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಮಾಡುವುದು, ಯಾವುದಾದರೂ ಶಾಲೆಯಲ್ಲಿ ಕೆಮಿಸ್ಟ್ರಿ ಟೀಚರ್ ಆಗುವುದು. ಅಂದರೆ ಅದೇ ಹನಿ, ಇನ್ನು ಮೂವತ್ತೈದು ವರ್ಷ.

2008ರ ನವೆಂಬರಿನಲ್ಲಿ ಅವಳ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಾಣಿಸಿತು. ಅಮೆರಿಕದ ಪದ್ಧತಿಯ ಕಾಲೇಜು. ಅಲ್ಲಿನ ಹಾಗೆಯೇ ಇಲ್ಲಿಯೂ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಒಂದು ವಿದ್ಯಾರ್ಥಿ ಸಂಘವಿತ್ತು. ಅದನ್ನು ಫ್ರಟರ್ನಿಟಿ ಎನ್ನುತ್ತಿದ್ದರು. ಇದು ಬಿಸಿನೆಸ್ ಫ್ರಟರ್ನಿಟಿ. ಸದಸ್ಯರು ಟೈ ಕಟ್ಟಿಕೊಂಡು ಓಡಾಡುವವರು, ಹುಡುಗಿಯರಾದರೂ ಪರಸ್ಪರ ‘ಬ್ರದರ್’ ಎನ್ನುವವರು. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಗೆ ರಜೆಯಲ್ಲಿ ವೆಸ್ಟ್ ಬೇಯ ಕಚೇರಿಗಳಿಗೆ ಎರಡು ತಿಂಗಳ ತರಬೇತಿಗೆ ಹೋಗುವವರು. ಅಲ್ಲಿ ಚೆನ್ನಾಗಿ ಕೆಲಸ ಮಾಡಿದವರಿಗೆ ಡಿಗ್ರಿ ಮುಗಿದ ಕೂಡಲೇ ಅದೇ ಕಚೇರಿಯಲ್ಲಿ ಕುರ್ಚಿ. ಅಲ್ಲಿಯ ತನಕ ಬಿಸಿನೆಸ್ ಓದುವವರಿಗೆ ಮಾತ್ರ ಪ್ರವೇಶವಿತ್ತು. ಆ ವರ್ಷ ತಲೆ ಎಣಿಸಿದರೆ ಹತ್ತೇ. ಹನ್ನೆರಡಿಲ್ಲದಿದ್ದರೆ ಅಮೆರಿಕದವರು ಸಂಘವನ್ನೇ ಮುಚ್ಚುತ್ತಾರೆ. ಹಾಗಾಗಿ ಬೇರೆ ವಿಷಯದವರೂ ಬರಬಹುದೆಂದು ಚೀಟಿ ಹೇಳಿತು.

ಬಂದವರು ಇಬ್ಬರು. ಒಬ್ಬಳು ಪರ್ಪೆಚುವಾ. ಇನ್ನೊಬ್ಬಳು ಅವಳ ಗೆಳತಿ, ಒಳಾಂಗಣ ವಿನ್ಯಾಸ ಓದುತ್ತಿದ್ದ ಫಾಹಿಮಾ; ಮದೀನತ್ ಖಲೀಫಾದಲ್ಲಿ ಬಕೆಟು, ಹಗ್ಗ, ಪಾತ್ರೆಯ ಅಂಗಡಿ ಇಟ್ಟಿದ್ದ ಪಕೀರಬ್ಬ ಬ್ಯಾರಿಯವರ ಮಗಳು. ಸಂಘದ ಅಧ್ಯಕ್ಷ ಫ್ಲಾಯ್ಡ್ ಕೊನೆಯ ವರ್ಷದ ಬಿಸಿನೆಸ್ ವಿದ್ಯಾರ್ಥಿ, ಕಾರ್ಕಳ ಕಡೆಯವರ ಮಗ. ಅವನ ಟೈಯ ಗಂಟು ಎಷ್ಟು ಬಿಗಿಯೆಂದರೆ ಮಾತು ಒಂದೊಂದಾಗಿ ಸಾಲಿನಲ್ಲಿ ನಿಂತು ಹೊರಗೆ ಬರುತ್ತಿತ್ತು. ಕೆಮಿಸ್ಟ್ರಿಯವರಿಗೆ ಬಿಸಿನೆಸ್ಸಿನ ಗಾಳಿಯಾದರೂ ಉಂಟಾ ಎಂದು ಕೇಳಿದ. ಆದರೂ ತಲೆ ಎಣಿಕೆ ನೆನಪಾಗಿ ಇಬ್ಬರನ್ನೂ ಒಪ್ಪಿಕೊಂಡ. ಹೊಸಬರನ್ನು ಅವರ ಭಾಷೆಯಲ್ಲಿ ‘ಪ್ಲೆಜ್’ ಎನ್ನುತ್ತಾರೆ. ಅಂದರೆ ಮಾತು ಕೊಟ್ಟವರು. ಒಂದೇ ಷರತ್ತು, ಮನೆಯವರ ಸಹಿ ಬೇಕು. ಗುರುವಾರದೊಳಗೆ ಸಹಿ ಬಂದರೆ ಅದರ ಮುಂದಿನ ಗುರುವಾರ ದೀಕ್ಷೆ.

ಪಕೀರಬ್ಬನವರಿಗೆ ಇಂಗ್ಲಿಷ್ ಬಾರದು. ಅವರು ಪತ್ರವನ್ನು ಅಂಗಡಿಗೆ ಬಂದ ಮೂವರು ಗಿರಾಕಿಗಳಿಂದ ಬೇರೆ ಬೇರೆಯಾಗಿ ಓದಿಸಿ, ಮೂವರೂ ಒಂದೇ ಅರ್ಥ ಹೇಳಿದ ಮೇಲೆ ಮಗಳನ್ನು ಕರೆದು, ಈ ಸಂಘದವರು ಎಂಥ ಮಾರುವುದು ಎಂದು ಕೇಳಿದರು. ಏನೂ ಮಾರುವುದಿಲ್ಲ ಎಂದಳು ಫಾಹಿಮಾ. “ಮತ್ತೆಂಥ ಬಿಸಿನೆಸ್ಸು?” ಎಂದು ನಕ್ಕು ಎರಡೂ ಪುಟಕ್ಕೆ ಸಹಿ ಹಾಕಿದರು.

ಪರ್ಪೆಚುವಾ ಹದಿನಾಲ್ಕು ವಾದಗಳನ್ನು ಬಾಯಿಪಾಠ ಮಾಡಿಕೊಂಡು ಅಪ್ಪನ ಮುಂದೆ ಪತ್ರ ಇಟ್ಟಳು. ಆಲ್ಬರ್ಟ್ ಕನ್ನಡಕ ಏರಿಸಿ ಮೊದಲ ಪ್ಯಾರಾ ಓದಿದರು. ‘ಆಲ್ಫಾ ಲ್ಯಾಂಬ್ಡಾ ಪೈ ಒಮೇಗಾ’ ಫ್ರಟರ್ನಿಟಿಯ ದೋಹಾ ಚಾಪ್ಟರಿನ ಬ್ರದರುಗಳು ನಿಮ್ಮ ಮಗಳನ್ನು ಪ್ಲೆಜ್ ತೆಗೆದುಕೊಳ್ಳಲು ಹರ್ಷದಿಂದ ಆಹ್ವಾನಿಸುತ್ತಾರೆ. ಸೇವೆ ಮತ್ತು ಶಿಸ್ತು ನಮ್ಮ ದಾರಿ. ದೀಪ ಹಚ್ಚಿ ದೀಕ್ಷೆ ಕೊಡಲಾಗುವುದು.

ಆಲ್ಬರ್ಟರ ಕಣ್ಣು ಒದ್ದೆಯಾಯಿತು.

“ರೆಜೀ, ಬಾ ಇಲ್ಲಿ” ಎಂದು ಹೆಂಡತಿಯನ್ನು ಕರೆದು ಅರ್ಥ ಹೇಳತೊಡಗಿದರು. ಆಲ್ಫಾ, ಒಮೇಗಾ ಎಂದರೆ ಆದಿ, ಅಂತ್ಯ. ಈಸ್ಟರ್ ಮೇಣದಬತ್ತಿಯ ಮೇಲೆ ಇರುವುದೇ ಅದು. ನಡುವೆ ಲ್ಯಾಂಬ್, ಕುರಿಮರಿ. ದೇವರ ಕುರಿಮರಿ ಯಾರು ಅಂತ ನಿನಗೆ ಹೇಳಬೇಕಾ? ‘ಡಾ’ ಎಂಬುದು ಪೋರ್ಚುಗೀಸ್, ನಮ್ಮ ಡಾ ಸಿಲ್ವಾ, ಡಾ ಕುನ್ಹಾ ಇದ್ದ ಹಾಗೆ. ಫ್ರಟರ್ನಿಟಿ, ಬ್ರದರುಗಳು, ಚಾಪ್ಟರು, ಪ್ರತಿಜ್ಞೆ, ಮೇಣದಬತ್ತಿ: ಇದು ನಮ್ಮ ಇಗರ್ಜಿಯ ಭಕ್ತರ ಸೊಡಾಲಿಟಿ ಸಂಘದಂಥದೇ, ಆದರೆ ರೋಮಿನ ಲೆವೆಲ್ಲಿನದು.

“ಈ ಪೈ ಯಾರು?” ಎಂದರು ರೆಜಿನಾ.

“ಯಾರೋ ದಾನಿ. ನಮ್ಮೂರಲ್ಲಿ ಪೈಗಳು ಇಲ್ಲದೆ ಯಾವ ಸಂಸ್ಥೆ ಎದ್ದಿದೆ ಮಾರಾಯ್ತಿ?”

ಹೀಗೆಂದು ಮೊದಲ ಪುಟದ ಕೆಳಗೆ, ಕಚೇರಿಯ ಶೈಲಿಯಲ್ಲಿ, ಬಾಲ ಎಳೆದು ಸಹಿ ಹಾಕಿದರು. ಪುಟ ತಿರುಗಿಸಲಿಲ್ಲ. ಬಿಸಿನೆಸ್ ಎಂಬ ಮಾತು ಇದ್ದದ್ದು ಎರಡನೇ ಪುಟದಲ್ಲಿ.

ಪರ್ಪೆಚುವಾಳ ಹದಿನಾಲ್ಕು ವಾದಗಳಲ್ಲಿ ಒಂದೂ ಬೇಕಾಗಲಿಲ್ಲ. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಸಹಿ ಹೋಯಿತು, ವೆಸ್ಟ್ ಬೇ ಹೋಯಿತು, ಹನಿ ಉಳಿಯಿತು. ಚಹಾ ಕುಡಿದ ಮೇಲೆ ಹೇಳೋಣ ಎಂದುಕೊಂಡಳು. ಚಹಾ ಮುಗಿಯುವುದರೊಳಗೆ ರೆಜಿನಾ ತಮ್ಮ ಇಗರ್ಜಿಯ ಗೆಳತಿ ಟ್ರೀಸಾ ಆಂಟಿಗೆ ಫೋನ್ ಮಾಡಿ ಆಗಿತ್ತು.

ಟ್ರೀಸಾ ಆಂಟಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಹೇಳುವುದೂ ಒಂದೇ. ದೋಹಾದಲ್ಲಿ ಇಗರ್ಜಿ ಎದ್ದು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆ ಮುಗಿದರೆ ಜನ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಆ ಶುಕ್ರವಾರ ಸುದ್ದಿ ಅಂಗಳದ ಒಂದು ತುದಿಯಿಂದ ಹೊರಟಾಗ, ಹುಡುಗಿ ಒಂದು ಸಂಘಕ್ಕೆ ಸೇರುತ್ತಾಳೆ ಎಂದಿತ್ತು. ನಡುವಿಗೆ ಬರುವಾಗ ಕಾನ್ವೆಂಟಿಗೆ ಹೋಗುತ್ತಾಳೆ ಎಂದಾಯಿತು. ಪಾರ್ಕಿಂಗ್ ಮುಟ್ಟುವಾಗ ಅವಳು ಆಫ್ರಿಕಾದಲ್ಲಿ ಎರಡು ಆಸ್ಪತ್ರೆ ಕಟ್ಟಿಸಿ ಮೂರನೆಯದಕ್ಕೆ ಅಡಿಪಾಯ ಹಾಕುತ್ತಿದ್ದಳು. ಮುದುಕಿಯರು ಬಂದು ತಲೆ ಮುಟ್ಟಿ, ನಮಗಾಗಿ ಪ್ರಾರ್ಥಿಸು ಬಾಯೆ ಎಂದರು. ಟ್ರೀಸಾ ಆಂಟಿ ಮೂರು ಮೀಟರ್ ಬಿಳಿ ಬಟ್ಟೆಯನ್ನು ಅವಳ ಕೈಗೆ ಕೊಟ್ಟು, ಉಡುಪು ಹೊಲಿಸುವಾಗ ತೋಳು ಸ್ವಲ್ಪ ಸಡಿಲ ಇರಲಿ ಎಂದರು. ಪರ್ಪೆಚುವಾ ಬಾಯಿ ತೆರೆದಳು. ಆಂಟಿ ಅದರೊಳಗೆ ಒಂದು ತುಂಡು ಕೇಕ್ ಇಟ್ಟರು.

ಅಲ್ಲಿಂದ ಮುಂದೆ ಅವಳು ಕೂತಲ್ಲಿ ಕೂರಲಿಲ್ಲ. ಮನೆಯ ಹಜಾರದಲ್ಲಿ ನಡೆದ ದೂರವನ್ನು ನೇರ ಮಾಡಿದ್ದರೆ ಸೌದಿ ಗಡಿ ದಾಟಿ ವೀಸಾ ಕೇಳುತ್ತಿದ್ದರು. ಅಮ್ಮ ಪಾತ್ರೆ ತೊಳೆಯಲು ಬಿಡುತ್ತಿರಲಿಲ್ಲ. ಅಪ್ಪ ಊಟದ ಮೇಜಿನಲ್ಲಿ ಮೊದಲ ಮೀನು ಅವಳ ತಟ್ಟೆಗೆ ಹಾಕುತ್ತಿದ್ದರು. ಮರ್ಯಾದೆ ಮುಳ್ಳಿನ ಹಾಗೆ ಗಂಟಲಿಗೆ ಚುಚ್ಚುತ್ತಿತ್ತು. ಲ್ಯಾಬಿನಲ್ಲಿ ಹನಿ ಎಣಿಸುತ್ತಾ, ಬಣ್ಣ ತಿರುಗಿದರೆ ಇವತ್ತು ಹೇಳುತ್ತೇನೆ ಎಂದು ಪಣ ಹೂಡಿದಳು. ಬಣ್ಣ ತಿರುಗಿತು. ಹೇಳಲಿಲ್ಲ. ಫಾಹಿಮಾ ಮಾತ್ರ, “ಹೇಳಿಬಿಡು ಮಾರಾಯ್ತಿ. ನೀನು ಕಾಲು ಅಲ್ಲಾಡಿಸಿ ಅಲ್ಲಾಡಿಸಿ ನನಗೆ ತಲೆ ತಿರುಗ್ತದೆ” ಎಂದಳು.

ಗುರುವಾರ ಸಂಜೆ ಐದಕ್ಕೆ ಕಾಲೇಜಿನ ಸಭಾಂಗಣದಲ್ಲಿ ದೀಕ್ಷೆ. ಹೆತ್ತವರಿಗೂ ಕರೆ ಇತ್ತು. ಆಲ್ಬರ್ಟ್ ತಮ್ಮ ಮದುವೆಯ ಸೂಟ್ ಹಾಕಿಕೊಂಡಿದ್ದರು. ಗುಂಡಿಗಳು ಪ್ರಾಣದ ಹಂಗು ತೊರೆದು ಹಿಡಿದುಕೊಂಡಿದ್ದವು. ರೆಜಿನಾರ ಕೈಯಲ್ಲಿ ಜಪಮಾಲೆ, ಚೀಲದಲ್ಲಿ ಪಾದ್ರಿಯವರಿಂದ ಆಶೀರ್ವಾದ ಮಾಡಿಸಿದ ಒಂದು ಕಟ್ಟು ಮೇಣದಬತ್ತಿ.

ಸಭಾಂಗಣ ನೋಡಿದ ಮೇಲಂತೂ ಅವರಿಗೆ ಸಂಶಯವೇ ಉಳಿಯಲಿಲ್ಲ. ಪರದೆ ಎಳೆದಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ದಪ್ಪ ಪುಸ್ತಕ, ಸುತ್ತ ಹತ್ತು ಮಂದಿ ಬ್ರದರುಗಳು ಕೈಯಲ್ಲಿ ದೀಪ ಹಿಡಿದು ನಿಂತಿದ್ದರು. ಫ್ಲಾಯ್ಡ್ ಗಂಭೀರ ದನಿಯಲ್ಲಿ ಸಂಘದ ವಚನ ಓದಿದ. ನಮ್ಮನ್ನು ನಡೆಸುವುದು ಪ್ರಾಫಿಟ್, ನಾವು ಹಿಂಬಾಲಿಸುವುದು ಪ್ರಾಫಿಟ್ ಎಂದ. ಟೈ ಹಿಂಡಿದ ಗಂಟಲಿನಲ್ಲಿ ಅದು ‘ಪ್ರಾಫೆಟ್’ ಎಂದು ಕೇಳಿಸಿತು. ಪ್ರವಾದಿಯ ಹೆಸರು ಕಿವಿಗೆ ಬಿದ್ದದ್ದೇ ಆಲ್ಬರ್ಟ್ ಎದ್ದು ನಿಂತು, ಹದಿನಾಲ್ಕನೇ ಮಹಡಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಆಮೆನ್” ಎಂದರು. ರೆಜಿನಾ ಶಿಲುಬೆಯ ಗುರುತು ಹಾಕಿಕೊಂಡರು. ಬ್ರದರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಲಾಭಕ್ಕೆ ಅಷ್ಟು ಭಕ್ತಿಯಿಂದ ಯಾರೂ ಆಮೆನ್ ಹೇಳಿದ್ದನ್ನು ಅವರು ಕಂಡಿರಲಿಲ್ಲ. ವೇದಿಕೆಯ ಪಕ್ಕ ನಿಂತಿದ್ದ ಪರ್ಪೆಚುವಾಳ ಹಿಮ್ಮಡಿ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

ಆಗ ಫ್ಲಾಯ್ಡ್ ಕಾಗದಗಳನ್ನು ಕೊನೆಯ ಸಲ ನೋಡಿದವನು ಹುಬ್ಬು ಗಂಟಿಕ್ಕಿದ. ಪರ್ಪೆಚುವಾಳ ಪತ್ರದಲ್ಲಿ ಸಹಿ ಇರಬೇಕಾದ ಜಾಗ ಎರಡನೇ ಪುಟದಲ್ಲಿತ್ತು, ಅದು ಖಾಲಿ. ಅವನು ಪೆನ್ನು ಸಮೇತ ಕೆಳಗಿಳಿದು ಬಂದು, “ಅಂಕಲ್, ಹಿಂದೆ ಕೂಡ ಒಂದು ಸಹಿ. ಇಲ್ಲದಿದ್ದರೆ ಇವತ್ತು ಆಗುವುದಿಲ್ಲ” ಎಂದ.

ಆಲ್ಬರ್ಟ್ ಪೆನ್ನು ತೆಗೆದುಕೊಂಡರು. ಕನ್ನಡಕ ಜೇಬಿನಲ್ಲೇ ಇತ್ತು. ಅದನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ಪೆನ್ನಿನ ಮೊನೆ ಕಾಗದ ಮುಟ್ಟಿತು. ಇನ್ನೊಂದು ಕ್ಷಣ ಪರ್ಪೆಚುವಾ ಸುಮ್ಮನಿದ್ದರೆ ಸಾಕಿತ್ತು. ವೆಸ್ಟ್ ಬೇಯ ಗೋಪುರಗಳೆಲ್ಲ ಅವಳವೇ. ಹುಟ್ಟಿದಂದಿನಿಂದ ಕುಣಿಯುತ್ತಿದ್ದ ಕಾಲು ಆಗ ಮೊದಲ ಬಾರಿ ನಿಂತಿತು. ಅವಳು ಬಂದು ಕಾಗದದ ಮೇಲೆ ಅಂಗೈ ಇಟ್ಟಳು.

“ಪಪ್ಪಾ, ಓದಿ. ಇದು ಇಗರ್ಜಿಯದ್ದಲ್ಲ, ಬಿಸಿನೆಸ್ಸಿನದ್ದು. ನನಗೆ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ.”

ರೆಜಿನಾರ ಜಪಮಾಲೆ ನಿಂತಿತು. ಇಡೀ ಇಗರ್ಜಿಗೆ ಹೇಳಿ ಆಗಿದೆಯಲ್ಲ, ಇನ್ನು ಮುಖ ಎಲ್ಲಿ ಇಡುವುದು ಎಂದು ಮೆಲ್ಲಗೆ ಕೇಳಿದರು. ಯಾರನ್ನು ಕೇಳಿದ್ದೆಂದು ಅವರಿಗೂ ಗೊತ್ತಿರಲಿಲ್ಲ. ಆಲ್ಬರ್ಟ್ ಕನ್ನಡಕ ಹುಡುಕಿ ಹಾಕಿಕೊಂಡರು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಎರಡನೇ ಪುಟ ಓದತೊಡಗಿದರು. ಅವರ ಕಿವಿ ಕೆಂಪಾಗುತ್ತಾ ಹೋಯಿತು.

ಫ್ಲಾಯ್ಡ್ ನಕ್ಕ. “ಇದಕ್ಕೇ ನಾವು ಕೆಮಿಸ್ಟ್ರಿಯವರನ್ನು ಬೇಡ ಅಂದದ್ದು. ಬಿಸಿನೆಸ್ಸಿನಲ್ಲಿ ಸಹಿ ಹಾಕುವವನಿಗೆ ಯಾರಾದರೂ ಎರಡನೇ ಪುಟ ಓದಿಸ್ತಾರಾ?”

ಪುಟದ ನಡುವೆ ಒಂದು ಕಡೆ ಆಲ್ಬರ್ಟರ ಬೆರಳು ನಿಂತಿತ್ತು. ಪೆನ್ನಿನಿಂದ ಅಲ್ಲೊಂದು ಸುತ್ತು ಹಾಕಿದರು.

“ಪುತಾ, ಇದು ಯಾರು ಟೈಪ್ ಮಾಡಿದ್ದು?”

“ನಾನೇ, ಅಂಕಲ್” ಎಂದ ಫ್ಲಾಯ್ಡ್.

“ಬಿಸಿನೆಸ್ ಎಂಬುದಕ್ಕೆ ‘ಯು’ ಆದ ಮೇಲೆ ‘ಎಸ್’ ಬರ್ತದೆ. ನೀನು ‘ಐ’ ಹಾಕಿದ್ದಿ. ಮೂರು ಕಡೆ.” ಇನ್ನೆರಡು ಸುತ್ತು ಹಾಕಿದರು. “ನಾನು ಇಷ್ಟು ವರ್ಷ ಜನರ ಸಹಿಗೆ ಎಷ್ಟೋ ಕಾಗದ ಇಟ್ಟಿದ್ದೇನೆ. ಓದಿ ಅಂತ ಕೈ ಹಿಡಿದು ನಿಲ್ಲಿಸಿದವರನ್ನು ಕಂಡಿಲ್ಲ. ಇಂಥವಳು ನಿಮ್ಮ ಸಂಘದಲ್ಲಿ ಒಬ್ಬಳಾದರೂ ಇರಲಿ.”

ಬಾಲ ಎಳೆಯದೆ, ಸಣ್ಣದಾಗಿ ಸಹಿ ಹಾಕಿದರು. ಫಾಹಿಮಾ ಮತ್ತು ಪರ್ಪೆಚುವಾ ದೀಪ ಹಚ್ಚಿ ಮಾತು ಕೊಟ್ಟರು. ಇಬ್ಬರೂ ದೀಪ ಹಚ್ಚಬೇಕಿದ್ದ ಸಂಘದ ಮೇಣದಬತ್ತಿ ಮೊದಲೇ ಗಾಳಿಗೆ ಆರಿದಾಗ ರೆಜಿನಾ ಎದ್ದು ಹೋಗಿ ತಮ್ಮ ಚೀಲದಿಂದ ಇನ್ನೊಂದನ್ನು ಕೊಟ್ಟಿದ್ದರು. ಹಾಗಾಗಿ ಆ ಬಿಸಿನೆಸ್ ಸಂಘದಲ್ಲಿ ಆಶೀರ್ವಾದ ಪಡೆದ ಬತ್ತಿಯಿಂದ ದೀಕ್ಷೆ ಪಡೆದವರು ಇಬ್ಬರೇ, ಒಬ್ಬಳು ಕ್ಯಾಥೊಲಿಕ್, ಒಬ್ಬಳು ಬ್ಯಾರಿ.

ವಾಪಸು ಬರುವಾಗ ಆಲ್ಬರ್ಟ್ ಒಂದೇ ರೌಂಡಬೌಟಿಗೆ ಮೂರು ಸುತ್ತು ಹೊಡೆದರು. ಹಿಂದಿನ ಗಾಡಿಯವನು ಯಲ್ಲಾ ಯಲ್ಲಾ, ನಡಿ ನಡಿ ಎಂದು ಹಾರ್ನ್ ಒತ್ತುತ್ತಿದ್ದ. ಟ್ರೀಸಾಳ ಮೂರು ಮೀಟರ್ ಬಟ್ಟೆ ಏನು ಮಾಡುವುದು ಎಂದು ರೆಜಿನಾ ನಿಟ್ಟುಸಿರು ಬಿಟ್ಟರು. ಲ್ಯಾಬಿನ ಕೋಟು ಹರಿದಿದೆ, ಅದಕ್ಕೆ ಆಗುತ್ತದೆ, ತೋಳು ಸಡಿಲ ಇದ್ದರೂ ಅಡ್ಡಿಯಿಲ್ಲ ಎಂದಳು ಪರ್ಪೆಚುವಾ. ಹಿಂದಿನ ಸೀಟಿನಲ್ಲಿ ಅವಳ ಮೊಣಕಾಲು ಮತ್ತೆ ಕುಣಿಯಲು ಶುರುವಾಗಿತ್ತು. ಗಾಡಿ ಆ ಜೋರಿಗೇ ಅರ್ಧ ಓಡುತ್ತಿತ್ತು.

ಅಲ್ ಮುಂತಜಾದ ಸಿಗ್ನಲ್ ಬಂದಾಗ ಆಲ್ಬರ್ಟ್ ಗಂಟಲು ಸರಿಮಾಡಿಕೊಂಡರು.

“ನಿಜ ಹೇಳಬೇಕಾದರೆ ನನಗೆ ಆವತ್ತೇ ಒಂದು ಅಂದಾಜು ಇತ್ತು. ಆಮೆನ್ ಅಂದದ್ದು ಸುಮ್ಮನೆ ಮರ್ಯಾದೆಗೆ. ಯಾವ ಪತ್ರವಾದರೂ ಮೊದಲ ಪ್ಯಾರಾ ಓದಿದರೆ ನನಗೆ ಸಾಕು.”

“ಆಯ್ತು ಪಪ್ಪಾ” ಎಂದಳು ಪರ್ಪೆಚುವಾ. “ನನ್ನ ಮದುವೆಯ ಕಾಗದ ಬಂದಾಗಲೂ ಮೊದಲ ಪ್ಯಾರಾ ಮಾತ್ರ ಓದಿ. ಹುಡುಗನ ಹೆಸರು ಎರಡನೇ ಪುಟದಲ್ಲಿ ಇರ್ತದೆ.”