ಕಾಗೆಗಿಟ್ಟ ಅನ್ನ, ಗರುಡನ ರೆಕ್ಕೆ

ನನ್ನ ಮೊಮ್ಮಗಳು ಮಾಡಿದ ರೆಕ್ಕೆಯನ್ನು ಹೊಡೆದು ಬೀಳಿಸಿದ್ದು ಕಾಗೆಗಳು. ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ. ಅವಳು ಮನೆ ಬಿಟ್ಟದ್ದೂ ಅವೇ ಕಾಗೆಗಳಿಂದ. ಉಳಿದವರು ಏನಾದರೂ ಹೇಳಿಕೊಳ್ಳಲಿ.

ಮೊನ್ನೆ ಸಂಡಿಗೆ ಹಾಕಲು ತಾರಸಿಗೆ ಹೋದಾಗ, ನೀರಿನ ಟ್ಯಾಂಕಿನ ಹಿಂದೆ ಆ ರೆಕ್ಕೆಯ ತುದಿ ಸಿಕ್ಕಿತು. ಅಂಗೈಯಗಲ, ಬೆರಳು ಬಿಡಿಸಿದಂತೆ ಸೀಳು. ಅದನ್ನು ಹಿಡಿದುಕೊಂಡು ಕೂತೇ ಬಿಟ್ಟೆ. ಸಂಡಿಗೆ ಹಿಟ್ಟು ಗಟ್ಟಿಯಾಗಿ ಹಾಳಾಯಿತು, ಅದು ಬೇರೆ ನಷ್ಟ.

ಶ್ರೀನಿಧಿ ನನ್ನ ಮಗಳ ಮಗಳು. ಮದರಾಸಿನ ಹೊರವಲಯದ ಶೋಳಿಂಗನಲ್ಲೂರಿನಲ್ಲಿ ಪುಟ್ಟ ಡ್ರೋನ್ ಮಾಡುವ ಕಂಪನಿಯಲ್ಲಿ ಕೆಲಸ. ಆಗ ವೆಸ್ಟ್ ಮಾಂಬಲಂನ ನನ್ನ ಫ್ಲ್ಯಾಟಿನಲ್ಲೇ ವಾಸವಿದ್ದಳು. ಮಾತೆಲ್ಲ ತಮಿಳು. ನನ್ನಿಂದ ಏನಾದರೂ ಬೇಕಾದಾಗ ಮಾತ್ರ ಕನ್ನಡ ಬರುತ್ತದೆ. ಸಂಜೆ ತಾರಸಿಯಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಳು.

"ಪಾರು, ಅಲ್ಲಿ ನೋಡು ಅಜ್ಜಿ, ಗರುಡ ರೆಕ್ಕೆ ಬಡಿಯೋದೇ ಇಲ್ಲ. ತುದೀಲಿ ಗಾಳಿ ಸುತ್ತಿಕೊಂಡು ಹಿಂದಕ್ಕೆ ಎಳೆಯತ್ತೆ. ಅಲ್ಲಿ ಗರಿ ಬಿಡಿಸಿದ್ರೆ ಎಳೆತ ಕಮ್ಮಿ. ಡ್ರೋನ್‌ಗೂ ಹಾಗೇ ಮಾಡಿದ್ರೆ ಅದೇ ಬ್ಯಾಟರೀಲಿ ಇನ್ನೂ ದೂರ ಹೋಗತ್ತೆ."

"ದೇವರ ವಾಹನಕ್ಕೆ ಯಾಕೇ ಬ್ಯಾಟರಿ?" ಎಂದೆ.

"ಅಯ್ಯೋ ಅಜ್ಜಿ, ನಿನ್ನ ಹತ್ರ ಹೇಳಿದೆನಲ್ಲ!"

ಇಲ್ಲಿ ಕಾಗೆಯ ವಿಷಯ ಹೇಳಬೇಕು. ನಮ್ಮ ತೌರಿನಲ್ಲಿ ಕಾಗೆಗೆ ಅನ್ನವಿಡುತ್ತಿದ್ದುದು ತಿಥಿಯ ದಿನ ಮಾತ್ರ. ಮದರಾಸಿಗೆ ಬಂದ ಮೇಲೆ ಅಕ್ಕಪಕ್ಕದವರನ್ನು ನೋಡಿ ದಿನಾ ಇಡಲು ಕಲಿತೆ. ಗಂಡ ಹೋದ ಮೇಲೆ, ಅದು ತಿನ್ನದೆ ನಾನು ತಿನ್ನುವುದಿಲ್ಲ ಎಂದಾಯಿತು. ಭಕ್ತಿ ಅಂದುಕೊಳ್ಳಬೇಡಿ. ಒಬ್ಬಳೇ ತಟ್ಟೆ ಹಾಕಿಕೊಂಡು ಕೂರುವಾಗ, ಈ ಅನ್ನವನ್ನು ಇನ್ನೊಂದು ಜೀವವೂ ತಿಂದಿದೆ ಎಂದರೆ ಸ್ವಲ್ಪ ವಾಸಿ, ಅಷ್ಟೇ.

ರೆಕ್ಕೆ ಹಾರಿಸಿದ ದಿನ ಬೆಳಗ್ಗೆ ತಾರಸಿಯ ಕಟ್ಟೆಯ ಮೇಲೆ ಅನ್ನವಿಟ್ಟು "ಕಾ ಕಾ" ಎಂದು ಕರೆದೆ. ಅದೇ ಹೊತ್ತಿಗೆ ಅವಳು ಟ್ಯಾಂಕಿನ ಪಕ್ಕದಿಂದ, ಗರುಡನ ಹಾಗೆ ತುದಿ ಸೀಳಿ ಮಾಡಿದ ತನ್ನ ರೆಕ್ಕೆಯನ್ನು ತೂರಿದಳು. ಏರ್‌ಪೋರ್ಟ್ ಹತ್ತಿರ, ಮೋಟಾರ್ ಹಾಕುವ ಹಾಗಿಲ್ಲ ಎಂದು ಬರೀ ದಾರ ಕಟ್ಟಿದ್ದಳು. ಬಿಸಿಲಲ್ಲಿ ಚೆನ್ನಾಗಿ ಕಾಣಲಿ ಎಂದು ಕಂದು ಬಣ್ಣ ಬಳಿದಿದ್ದಳು. ಎಷ್ಟು ಚೆನ್ನಾಗಿ ತೇಲಿತು ಅಂದರೆ, ನಾನು ಕೈ ಮುಗಿದೆ.

ಕಾಗೆಗಳೂ ಗರುಡ ಎಂದೇ ತಿಳಿದವು. ಗರುಡನನ್ನು ಕಂಡರೆ ಅವು ಅಟ್ಟಿಸಿಕೊಂಡು ಹೋಗುವುದನ್ನು ನಾವಿಬ್ಬರೂ ದಿನಾ ನೋಡುತ್ತಿದ್ದವರೇ, ಇಬ್ಬರಿಗೂ ಹೊಳೆಯಲಿಲ್ಲ. ಬೀದಿಯ ಕಾಗೆಗಳೆಲ್ಲ ಸೇರಿ ಕುಕ್ಕಿ ಚೂರು ಮಾಡಿದವು. ಇವಳು ಪೊರಕೆ ತಗೊಂಡು ನುಗ್ಗಿದಳು. ಅಲ್ಲಿಂದ ಶುರು. ಅವಳ ಮುಖ ಕಂಡರೆ ಸಾಕು, ತಲೆಗೆ ಎರಗುತ್ತಿದ್ದವು. ಹೆಲ್ಮೆಟ್ ಹಾಕಿಕೊಂಡು ಬಟ್ಟೆ ಒಣಹಾಕುತ್ತಿದ್ದಳು. ನಾನಿಟ್ಟ ಅನ್ನವನ್ನಂತೂ ಅವು ಮೂಸಲಿಲ್ಲ.

ಕೆಳಮನೆಯ ಮಾಮಿ ಬಂದು, "ನಿಮ್ಮ ಯಜಮಾನರಿಗೆ ಏನೋ ಕೋಪಂ, ಅದಕ್ಕೇ ಕಾಕಾ ಮುಟ್ಟಲ್ಲ" ಎಂದರು.

"ಬದುಕಿದ್ದಾಗ ನನ್ನ ಮೇಲೆ ಕೋಪ ಮಾಡ್ಕೊಳ್ಳೋಕೂ ರೈಲ್ವೆಯವರು ಅವರಿಗೆ ರಜಾ ಕೊಡಲಿಲ್ಲ ಮಾಮಿ" ಎಂದೆ.

ಆದರೂ ಅನ್ನ ಆರುವ ತನಕ ಕಾಯುತ್ತಿದ್ದೆ. ಒಂದು ದಿನ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದೆ.

ಶ್ರೀನಿಧಿ ಬಾಯಿಗೆ ಸಕ್ಕರೆ ಹಾಕಿದಳು. "ಶುಗರ್ ಮಾತ್ರೆ ನುಂಗಿ ಕಾಗೆಗೆ ಕಾಯ್ತೀಯಾ? ಮೊದಲು ನೀನು ತಿನ್ನು."

"ಅದು ಆಗೋ ಮಾತಲ್ಲ" ಎಂದೆ.

"ಹಾಗಾದ್ರೆ ನಾನೇ ಹೋಗ್ತೀನಿ. ನಾನಿಲ್ಲದಿದ್ರೆ ಅವು ಬರತ್ತೆ."

ಶೋಳಿಂಗನಲ್ಲೂರಿನಲ್ಲೇ, ಆಫೀಸಿನ ಹತ್ತಿರ ರೂಮು ಹಿಡಿದಳು. ಸ್ವಲ್ಪ ದಿನಕ್ಕೇ ಕಾಗೆಗಳು ಬಂದವು, ಏನೂ ಆಗದವರ ಹಾಗೆ. ಫೋನಿನಲ್ಲಿ ಹೇಳಿದೆ. "ಸರಿ ಅಜ್ಜಿ, ಹೊತ್ತಿಗೆ ತಿಂತಿದ್ದೀಯಲ್ಲ, ಪೋದುಂ, ಅಷ್ಟೇ ಸಾಕು" ಎಂದಳು. ಬರುತ್ತೇನೆ ಎನ್ನಲಿಲ್ಲ. ನಾನೂ ಬಾ ಎನ್ನಲಿಲ್ಲ. ಅಲ್ಲಿಂದೀಚೆಗೆ ಕಾಗೆ ತಿನ್ನುತ್ತಿತ್ತು, ಆಮೇಲೆ ನಾನು ತಿನ್ನುತ್ತಿದ್ದೆ.

ರೆಕ್ಕೆಯ ತುಂಡು ಸಿಕ್ಕಿದ್ದರ ಮಾರನೆಯ ಬೆಳಗ್ಗೆ ಪುಳಿಯೋಗರೆ ಕಲಸಿದೆ. ಕಾಗೆಗೆ ಇಡಲಿಲ್ಲ. ತಟ್ಟೆ ಹಾಕಿಕೊಂಡು ಮೊದಲು ನಾನು ತಿಂದೆ. ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ, ರೆಕ್ಕೆಯ ತುದಿಯನ್ನು ಚೀಲಕ್ಕೆ ಹಾಕಿ, ಮನೆಗೆ ಬೀಗ ಹಾಕಿದೆ. ಕಟ್ಟೆಯ ಮೇಲೆ ಕಾಗೆ ಒಂದೇ ಸಮನೆ ಕೂಗುತ್ತಿತ್ತು. ಕೂಗಲಿ ಎಂದು ಸ್ಟೇಷನ್ ಸೇತುವೆ ದಾಟಿ, ಶೋಳಿಂಗನಲ್ಲೂರಿನ ಬಸ್ಸು ಹತ್ತಿದೆ.